ಗೊರಿಲ್ಲಾ ನೋಡಲು ಹೊರಟಿದ್ದೀರಾ? ಮೊದಲು ಪರ್ಮಿಟ್, ಆಮೇಲೆ ಲಾಡ್ಜ್

ಮೈಸೂರು ಝೂನಲ್ಲಿ ಥಾಬೊ, ಡೆಂಬಾ ಎಂಬ ಗೊರಿಲ್ಲಾಗಳನ್ನು ನೀವು ನೋಡಿರಬಹುದು. 2021ರಲ್ಲಿ ಜರ್ಮನಿಯಿಂದ ಬಂದವು. ಅವು ತಗ್ಗು ಪ್ರದೇಶದ ಕಾಡಿನ ಜಾತಿ. ಪರ್ವತ ಗೊರಿಲ್ಲಾ ಬೇರೆ. ಚಳಿ ತಡೆಯಲು ಮೈತುಂಬ ಉದ್ದ, ದಟ್ಟ ಕೂದಲು. ಇರುವುದು ಮಂಜು ಮುಸುಕಿದ ಬೆಟ್ಟದ ಕಾಡಿನಲ್ಲಿ ಮಾತ್ರ. ಈಗ ಜಗತ್ತಿನ ಯಾವ ಝೂನಲ್ಲೂ ಅದು ಇಲ್ಲ. ನೋಡಬೇಕು ಅಂದರೆ ನಾವೇ ಅದರ ಕಾಡಿಗೆ ನಡೆದುಕೊಂಡು ಹೋಗಬೇಕು.

ಆ ಕಾಡು ಉಳಿದಿರುವುದು ಎರಡೇ ತುಂಡು. ಒಂದು ಉಗಾಂಡಾದ ಬ್ವಿಂಡಿ. ಇನ್ನೊಂದು ರುವಾಂಡಾ, ಉಗಾಂಡಾ, ಕಾಂಗೋ ಮೂರೂ ದೇಶ ಹಂಚಿಕೊಂಡಿರುವ ವಿರುಂಗಾ ಜ್ವಾಲಾಮುಖಿ ಬೆಟ್ಟಗಳ ಸಾಲು. ಎರಡೂ ಕಡೆಯ ಗಣತಿ ಸೇರಿಸಿದರೆ ಸಿಗುವ ಸಂಖ್ಯೆ 1,063. ವಿರುಂಗಾದಲ್ಲಿ 604, ಬ್ವಿಂಡಿ ಕಡೆ 459. ಒಂದು ಕಾಲಕ್ಕೆ ಇನ್ನೇನು ಅಳಿದೇ ಹೋಯಿತು ಅಂದುಕೊಂಡಿದ್ದ ಪ್ರಾಣಿ ಇದು. 2018ರಲ್ಲಿ ಅತಿ ಅಪಾಯದ ಪಟ್ಟಿಯಿಂದ ಒಂದು ಮೆಟ್ಟಿಲು ಈಚೆಗೆ ಬಂತು. ನೋಡಲು ಬರುವವರು ಕೊಡುವ ದುಡ್ಡಿನ ಪಾಲು ಇದರಲ್ಲಿ ದೊಡ್ಡದು.

ಈ ಪ್ರವಾಸ ದುಬಾರಿ. ಆದ್ದರಿಂದ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಅನ್ನುವುದು ಮುಖ್ಯ. ಚೆಂದದ ಫೋಟೋ ನೋಡಿ ಮೊದಲು ಲಾಡ್ಜ್ ಬುಕ್ ಮಾಡುವವರು ಬಹಳ ಜನ. ಅದು ತಲೆಕೆಳಗಾದ ಲೆಕ್ಕ. ಮೊದಲು ದೇಶ, ಆಮೇಲೆ ಪರ್ಮಿಟ್, ಪರ್ಮಿಟ್ ಕಾಡಿನ ಯಾವ ಭಾಗಕ್ಕೆ ಸಿಕ್ಕಿತೋ ಅದರ ಪಕ್ಕದ ಲಾಡ್ಜ್, ಕೊನೆಗೆ ವಿಮಾನದ ಟಿಕೆಟ್. ಈ ಸಾಲು ತಪ್ಪಬೇಡಿ.

ಉಗಾಂಡಾನಾ, ರುವಾಂಡಾನಾ?

ಕಾಂಗೋ ಕಡೆಯ ವಿರುಂಗಾದಲ್ಲಿ ಪರ್ಮಿಟ್ ಅಗ್ಗ ಅಂತ ಯಾರಾದರೂ ಹೇಳಬಹುದು. ಅಲ್ಲಿ ವರ್ಷಗಟ್ಟಲೆಯಿಂದ ಬಂಡುಕೋರರ ಹೋರಾಟ ನಡೆದಿದೆ, ಕಾಡು ಕಾಯುವ ರೇಂಜರ್‌ಗಳೇ ಪ್ರಾಣ ಕಳೆದುಕೊಂಡಿದ್ದಾರೆ. ಈಗ ಅದರ ಯೋಚನೆ ಬಿಡಿ.

ಉಳಿದಿದ್ದು ಎರಡು. ಹೊರದೇಶದವರಿಗೆ ರುವಾಂಡಾದ ಪರ್ಮಿಟ್ 1,500 ಡಾಲರ್. 2017ರಿಂದ ಇದೇ ದರ. ಉಗಾಂಡಾದಲ್ಲಿ 2024ರ ಜುಲೈನಿಂದ 800 ಡಾಲರ್. ಒಬ್ಬರಿಗೆ, ಒಂದು ದಿನಕ್ಕೆ, ಗೊರಿಲ್ಲಾಗಳ ಮುಂದೆ ಒಂದು ಗಂಟೆ. ಗಂಡ ಹೆಂಡತಿ ಇಬ್ಬರು ಹೊರಟರೆ ಪರ್ಮಿಟ್ ಒಂದರಲ್ಲೇ 1,400 ಡಾಲರ್ ವ್ಯತ್ಯಾಸ. ನೈರೋಬಿಯಲ್ಲೋ ಕಂಪಾಲಾದಲ್ಲೋ ಕೆಲಸದಲ್ಲಿರುವ ಕನ್ನಡಿಗರು ಒಂದು ವಿಷಯ ಗಮನಿಸಿ. ಅಲ್ಲಿನ ರೆಸಿಡೆಂಟ್ ಪರ್ಮಿಟ್ ಇದ್ದವರಿಗೆ ದರ ಕಡಿಮೆ. ಬುಕ್ ಮಾಡುವಾಗಲೇ ಕಾಗದ ತೋರಿಸಬೇಕು.

ದುಡ್ಡು ಜಾಸ್ತಿ ಕೊಟ್ಟರೆ ರುವಾಂಡಾದಲ್ಲಿ ಸಿಗುವುದು ಸಮಯ. ಕಿಗಾಲಿಯಲ್ಲಿ ಇಳಿದು ಒಳ್ಳೆಯ ಟಾರ್ ರಸ್ತೆಯಲ್ಲಿ ಎರಡೂವರೆ ಮೂರು ಗಂಟೆ ಹೋದರೆ ವೊಲ್ಕೆನೋಸ್ ರಾಷ್ಟ್ರೀಯ ಉದ್ಯಾನದ ಬಾಗಿಲು ಕಿನಿಗಿ. ಕಾಡು ತುಸು ತೆರೆದುಕೊಂಡಿದೆ, ಬಿದಿರು ಜಾಸ್ತಿ, ಗೊರಿಲ್ಲಾಗಳು ಚೆನ್ನಾಗಿ ಕಾಣುತ್ತವೆ. ರಜೆ ಕಡಿಮೆ ಇರುವವರಿಗೆ, ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಇದು ಸಲೀಸು.

ಉಗಾಂಡಾದಲ್ಲಿ ಎಂಟೆಬೆಯಲ್ಲಿ ಇಳಿದರೆ ಬ್ವಿಂಡಿಗೆ ರಸ್ತೆಯಲ್ಲಿ ಒಂಬತ್ತು ಹತ್ತು ಗಂಟೆ. ಒಂದು ದಿನ ಕಾರಿನಲ್ಲೇ ಹೋಯಿತು ಅಂತ ಲೆಕ್ಕ ಇಟ್ಟುಕೊಳ್ಳಿ. ಬೇಡ ಅಂದರೆ ಎಂಟೆಬೆಯಿಂದ ಕಿಹಿಹಿ ಅಥವಾ ಕಿಸೊರೊಗೆ ಚಿಕ್ಕ ವಿಮಾನಗಳಿವೆ. ಅದರಲ್ಲಿ ಲಗೇಜು 15 ಕಿಲೋ ಮಾತ್ರ.

ಮೂರನೆಯ ದಾರಿಯೂ ಇದೆ. ನನಗೆ ಇದೇ ಎಲ್ಲಕ್ಕಿಂತ ಸರಿ ಅನ್ನಿಸುತ್ತದೆ. ಕಿಗಾಲಿಯಲ್ಲಿ ಇಳಿದು, ರಸ್ತೆಯಲ್ಲಿ ಗಡಿ ದಾಟಿ, ಬ್ವಿಂಡಿಯ ದಕ್ಷಿಣ ಭಾಗಕ್ಕೆ ಹೋಗುವುದು. ಗಡಿಯ ಕೆಲಸವೂ ಸೇರಿ ನಾಲ್ಕೈದು ಗಂಟೆ. ಉಗಾಂಡಾದ ಪರ್ಮಿಟ್ ದರ, ರುವಾಂಡಾದ ಹತ್ತಿರದ ದಾರಿ, ಎರಡೂ ಸಿಗುತ್ತವೆ. ಎರಡು ವಿಷಯ ನೆನಪಿಡಿ. ಉಗಾಂಡಾದ ಗಡಿಯಾರ ರುವಾಂಡಾಗಿಂತ ಒಂದು ಗಂಟೆ ಮುಂದೆ. ಕಿಗಾಲಿಯಿಂದ ಮಧ್ಯಾಹ್ನ ಹೊರಟರೆ ಗಡಿ ದಾಟುತ್ತಿದ್ದಂತೆ ಒಂದು ಗಂಟೆ ಕೈಬಿಟ್ಟು ಹೋಗುತ್ತದೆ, ಬೆಟ್ಟದ ರಸ್ತೆಯಲ್ಲಿ ಕತ್ತಲಾಗುತ್ತದೆ. ಇನ್ನೊಂದು, ಬಾಡಿಗೆ ಕಾರಿಗೆ ಗಡಿ ದಾಟುವ ಕಾಗದ ಬೇರೆ ಬೇಕು. ಟೂರ್‌ನವರ ಹತ್ತಿರ ಇದನ್ನು ಬರವಣಿಗೆಯಲ್ಲಿ ಕೇಳಿ.

ಯಾವ ತಿಂಗಳು?

ಜೂನ್‌ನಿಂದ ಸೆಪ್ಟೆಂಬರ್, ಡಿಸೆಂಬರ್ ನಡುವಿನಿಂದ ಫೆಬ್ರವರಿ. ಈ ಎರಡು ಅವಧಿಯಲ್ಲಿ ಮಳೆ ಕಡಿಮೆ, ಜನ ಜಾಸ್ತಿ. ನಮ್ಮ ಶಾಲೆಗಳ ಬೇಸಿಗೆ ರಜೆ ಬೀಳುವ ಏಪ್ರಿಲ್, ಮೇ ಅಲ್ಲಿ ಜೋರು ಮಳೆಗಾಲ. ಅದೇ ಕಾರಣಕ್ಕೆ ಏಪ್ರಿಲ್, ಮೇ, ನವೆಂಬರ್‌ನಲ್ಲಿ ಹಲವು ಲಾಡ್ಜ್‌ಗಳು ದರ ಇಳಿಸುತ್ತವೆ, ಪರ್ಮಿಟ್ ಕೂಡ ಸುಲಭವಾಗಿ ಸಿಗುತ್ತದೆ. ಮಲೆನಾಡಿನ ಮಳೆಯಲ್ಲಿ ಬೆಳೆದವರಿಗೆ ಇದೇನು ಹೊಸದಲ್ಲ. ಜಾರುವ ಕೆಸರಿಗೆ ಮನಸ್ಸು ಗಟ್ಟಿ ಮಾಡಿಕೊಂಡರೆ ಆಯಿತು. ವಿರುಂಗಾದಲ್ಲಿ ಮಳೆ ಬಿದ್ದ ಮೇಲೆ ಬಿದಿರಿನಲ್ಲಿ ಕಳಲೆ ಒಡೆಯುತ್ತದೆ. ಅದನ್ನು ತಿನ್ನಲು ಗೊರಿಲ್ಲಾಗಳು ಕೆಳಗಿನ ಬಿದಿರು ಮೆಳೆಗಳಿಗೆ ಇಳಿದು ಬರುತ್ತವೆ. ಆಗ ನಡಿಗೆ ಕಡಿಮೆಯಾಗುವುದೂ ಉಂಟು.

ಇಷ್ಟು ಹೇಳಿದರೂ ಅದು ಭೂಮಧ್ಯರೇಖೆಯ ಪಕ್ಕದ ಬೆಟ್ಟದ ಕಾಡು. ಜುಲೈನಲ್ಲೂ ಮಧ್ಯಾಹ್ನ ದಿಢೀರ್ ಮಳೆ ಹೊಡೆಯಬಹುದು.

ಪರ್ಮಿಟ್ ಹಿಡಿಯುವುದು

ಮನುಷ್ಯರಿಗೆ ಒಗ್ಗಿಕೊಂಡ ಒಂದು ಗೊರಿಲ್ಲಾ ಕುಟುಂಬವನ್ನು ದಿನಕ್ಕೆ ಎಂಟೇ ಜನ ನೋಡಬಹುದು. ಕುಟುಂಬಗಳೂ ಎಣಿಸುವಷ್ಟೇ. ಹಾಗಾಗಿ ಜುಲೈ, ಆಗಸ್ಟ್, ಕ್ರಿಸ್‌ಮಸ್ ಸಮಯಕ್ಕೆ ಆರು ತಿಂಗಳು ಮೊದಲೇ ಬುಕ್ ಮಾಡುವುದು ಒಳ್ಳೆಯದು. ಉಗಾಂಡಾದಲ್ಲಿ ಪರ್ಮಿಟ್ ಕೊಡುವುದು ಉಗಾಂಡಾ ವೈಲ್ಡ್‌ಲೈಫ್ ಅಥಾರಿಟಿ, ರುವಾಂಡಾದಲ್ಲಿ ರುವಾಂಡಾ ಡೆವಲಪ್‌ಮೆಂಟ್ ಬೋರ್ಡ್. ಎರಡೂ ಸರ್ಕಾರಿ ಸಂಸ್ಥೆಗಳು. ಪರ್ಮಿಟ್‌ನ ಮೂಲ ದರ ಇಲ್ಲಿ ನಿಗದಿಯಾಗಿರುತ್ತದೆ. "ನಮ್ಮ ಹತ್ತಿರ ಅರ್ಧ ರೇಟಿಗೆ ಇದೆ" ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಸ್ವಂತವಾಗಿ ಬುಕ್ ಮಾಡಬಹುದು, ಆದರೆ ಕಾರು, ಲಾಡ್ಜ್, ಪರ್ಮಿಟ್ ಮೂರೂ ಒಂದೇ ದಿನಕ್ಕೆ ಕೂಡಿಬರಬೇಕಲ್ವಾ? ಮೊದಲ ಸಲ ಹೋಗುವವರು ಅಲ್ಲಿನ ನೋಂದಾಯಿತ ಟೂರ್ ಕಂಪನಿ ಮೂಲಕ ಮಾಡಿಸುವುದೇ ಸುಲಭ. ಉಗಾಂಡಾದಲ್ಲಿ ಟೂರ್ ಆಪರೇಟರ್‌ಗಳ ಸಂಘದ ಸದಸ್ಯರಾ ಅಂತ ನೋಡಿ. ದುಡ್ಡು ಪೂರ್ತಿ ಕಳಿಸುವ ಮೊದಲು ಪರ್ಮಿಟ್‌ನ ಪ್ರತಿ ಕೇಳಿ. ಅದರಲ್ಲಿ ನಿಮ್ಮ ಹೆಸರು, ಪಾಸ್‌ಪೋರ್ಟ್ ನಂಬರ್, ತಾರೀಖು, ಕಾಡಿನ ಯಾವ ಭಾಗ ಎಂಬ ನಾಲ್ಕೂ ಇರಬೇಕು. ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಲಿ. ನಮ್ಮಲ್ಲಿ ಇನಿಷಿಯಲ್ ಮುಂದೆ ಹಿಂದೆ ಆಗುವುದು ಮಾಮೂಲಿ, ಇಲ್ಲಿ ಅದು ಬೇಡ. ನಡುವೆ ಪಾಸ್‌ಪೋರ್ಟ್ ರಿನೀವಲ್‌ಗೆ ಬರುವ ಹಾಗಿದ್ದರೆ ಮೊದಲು ಅದನ್ನು ಮುಗಿಸಿ, ಆಮೇಲೆ ಬುಕ್ ಮಾಡಿ.

15 ವರ್ಷ ತುಂಬದ ಮಕ್ಕಳಿಗೆ ಪರ್ಮಿಟ್ ಇಲ್ಲ. ಮಗುವಿನ ಮೈಕಟ್ಟು ಎಷ್ಟೇ ಗಟ್ಟಿ ಇರಲಿ, ನೀವು ಎಷ್ಟೇ ಕೇಳಿಕೊಳ್ಳಿ, ಬಿಡುವುದಿಲ್ಲ. ಚಿಕ್ಕ ಮಕ್ಕಳಿದ್ದರೆ ಗಂಡ ಒಂದು ದಿನ, ಹೆಂಡತಿ ಮರುದಿನ ಹೋಗುವ ಹಾಗೆ ಎರಡು ದಿನಕ್ಕೆ ಪರ್ಮಿಟ್ ತೆಗೆಯಿರಿ.

ಬ್ವಿಂಡಿಗೆ ನಾಲ್ಕು ಬಾಗಿಲು

ಇಲ್ಲಿಯೇ ಬಹಳ ಪ್ರವಾಸಗಳು ಹಾಳಾಗುವುದು. ಅದಕ್ಕೇ ನಿಧಾನವಾಗಿ ಹೇಳುತ್ತೇನೆ.

ಬ್ವಿಂಡಿ ಒಂದೇ ಕಾಡು. ಆದರೆ ಗೊರಿಲ್ಲಾ ನೋಡಲು ಹೊರಡುವ ಜಾಗ ನಾಲ್ಕು. ವಾಯವ್ಯದಲ್ಲಿ ಬುಹೋಮಾ, ಪೂರ್ವದ ಎತ್ತರದಲ್ಲಿ ರುಹಿಜಾ, ದಕ್ಷಿಣದಲ್ಲಿ ರುಶಾಗಾ ಮತ್ತು ನ್ಕುರಿಂಗೊ. ನಕ್ಷೆಯಲ್ಲಿ ನೋಡಿದರೆ ಬೆರಳಳತೆ ದೂರ. ನೆಲದ ಮೇಲೆ ಕಾಡಿನ ನಡುವೆ ಕಾರು ಹೋಗುವ ನೇರ ರಸ್ತೆ ಇಲ್ಲ, ಬೆಟ್ಟ ಸುತ್ತಿಕೊಂಡೇ ಹೋಗಬೇಕು. ಬುಹೋಮಾದಿಂದ ರುಶಾಗಾಕ್ಕೆ ಕಾರಿನಲ್ಲಿ ಮೂರ್ನಾಲ್ಕು ಗಂಟೆ ಹಿಡಿಯುತ್ತದೆ. ಬೆಳಗ್ಗೆ ಏಳೂವರೆ ಎಂಟಕ್ಕೆಲ್ಲ ನೀವು ಪರ್ಮಿಟ್‌ನಲ್ಲಿ ಬರೆದ ಜಾಗದಲ್ಲಿ ಹಾಜರಿರಬೇಕು. ರುಶಾಗಾ ಪರ್ಮಿಟ್ ಹಿಡಿದು ಬುಹೋಮಾದ ಲಾಡ್ಜ್‌ನಲ್ಲಿ ಮಲಗಿದವರು ಮಧ್ಯರಾತ್ರಿ ಮೂರಕ್ಕೆ ಎದ್ದು ಕತ್ತಲಲ್ಲಿ ಹೊರಡಬೇಕು. ದಾರಿಯಲ್ಲಿ ಮಣ್ಣು ಕುಸಿದಿದ್ದರೆ ಪರ್ಮಿಟ್ ಹೋಯಿತು, ದುಡ್ಡೂ ಹೋಯಿತು.

ಹಾಗಾದರೆ ಯಾವುದು ಯಾರಿಗೆ? ಬುಹೋಮಾ ಎಲ್ಲಕ್ಕಿಂತ ಹಳೆಯದು. 1993ರಲ್ಲಿ ಪ್ರವಾಸಿಗಳಿಗೆ ಗೊರಿಲ್ಲಾ ತೋರಿಸಲು ಶುರು ಮಾಡಿದ್ದು ಇಲ್ಲೇ, ಮುಬಾರೆ ಎಂಬ ಕುಟುಂಬದಿಂದ. ಊರು, ಅಂಗಡಿ, ಆಸ್ಪತ್ರೆ, ಎಲ್ಲ ದರದ ಲಾಡ್ಜ್‌ಗಳು ಇವೆ. ಕ್ವೀನ್ ಎಲಿಜಬೆತ್ ಉದ್ಯಾನದ ಇಶಾಶಾದಲ್ಲಿ ಮರ ಹತ್ತಿ ಕೂರುವ ಸಿಂಹಗಳನ್ನು ನೋಡಿಕೊಂಡು ಬರುವವರಿಗೆ ಇದೇ ಹತ್ತಿರ. ಕಿಹಿಹಿ ವಿಮಾನದವರಿಗೂ ಇದೇ.

ರುಶಾಗಾದಲ್ಲಿ ಗೊರಿಲ್ಲಾ ಕುಟುಂಬಗಳು ಜಾಸ್ತಿ, ಆದ್ದರಿಂದ ಪರ್ಮಿಟ್ ಸಿಗುವ ಸಾಧ್ಯತೆಯೂ ಜಾಸ್ತಿ. ಕಿಗಾಲಿಯಿಂದ ಬರುವವರಿಗೆ ಇದು ಅಥವಾ ನ್ಕುರಿಂಗೊ. ಇನ್ನೂ ಮನುಷ್ಯರಿಗೆ ಒಗ್ಗುತ್ತಿರುವ ಕುಟುಂಬದ ಜೊತೆ ನಾಲ್ಕು ಗಂಟೆ ಇರುವ ವಿಶೇಷ ಪರ್ಮಿಟ್ ಕೂಡ ರುಶಾಗಾದಲ್ಲಿದೆ. ಅದಕ್ಕೆ ನಾಲ್ಕೇ ಜನ, ದರ ಬಹಳ ಮೇಲೆ, ನಡಿಗೆ ಉದ್ದ.

ನ್ಕುರಿಂಗೊದಲ್ಲಿ ನೋಟ ಅದ್ಭುತ, ವಿರುಂಗಾದ ಜ್ವಾಲಾಮುಖಿಗಳು ಸಾಲಾಗಿ ಕಾಣುತ್ತವೆ. ಆದರೆ ಲಾಡ್ಜ್‌ಗಳು ಬೆಟ್ಟದ ನೆತ್ತಿಯಲ್ಲಿ, ಕಾಡು ಕೆಳಗೆ. ಬೆಳಗ್ಗೆ ಇಳಿದದ್ದನ್ನು ಮಧ್ಯಾಹ್ನ ಸುಸ್ತಾದ ಕಾಲಿನಲ್ಲಿ ಹತ್ತಬೇಕು. ಮೊಣಕಾಲು ನೋವಿರುವವರು ಇಲ್ಲಿ ಪರ್ಮಿಟ್ ತೆಗೆಯಬೇಡಿ.

ರುಹಿಜಾ ಎತ್ತರದ ಜಾಗ, ಚಳಿ ಜಾಸ್ತಿ, ಲಾಡ್ಜ್ ಕಡಿಮೆ. ಹಕ್ಕಿ ನೋಡುವವರು ಮಾತ್ರ ಇದನ್ನು ಬಿಡಬಾರದು. ಇಲ್ಲಿನ ಮುಬ್ವಿಂಡಿ ಜೌಗಿನಲ್ಲಿ ಹಸಿರು ಬ್ರಾಡ್‌ಬಿಲ್ ಹುಡುಕಿಕೊಂಡು ಜಗತ್ತಿನೆಲ್ಲೆಡೆಯಿಂದ ಬರುತ್ತಾರೆ.

ಉಗಾಂಡಾದ ಮೂಲೆಯ ಮ್ಗಾಹಿಂಗಾ ಉದ್ಯಾನದಲ್ಲೂ ನ್ಯಾಕಗೆಜಿ ಎಂಬ ಒಂದು ಕುಟುಂಬವಿದೆ. ಶಾಂತ ಜಾಗ, ಜನ ಕಡಿಮೆ.

ರುವಾಂಡಾದಲ್ಲಿ ಈ ತಲೆನೋವಿಲ್ಲ. ಎಲ್ಲರೂ ಬೆಳಗ್ಗೆ ಏಳಕ್ಕೆ ಕಿನಿಗಿಯಲ್ಲೇ ಸೇರುತ್ತಾರೆ. ಯಾವ ಕುಟುಂಬಕ್ಕೆ ಯಾರು ಅಂತ ಅಲ್ಲೇ ಹಂಚುತ್ತಾರೆ. ನಡೆಯಲು ಕಷ್ಟ ಇದ್ದರೆ ನಿಮ್ಮ ಡ್ರೈವರ್‌ಗೆ ಹಿಂದಿನ ರಾತ್ರಿಯೇ ಹೇಳಿ. ಅವರು ಅಲ್ಲಿ ಗೈಡ್‌ಗಳ ಜೊತೆ ಮಾತಾಡಿ ಹತ್ತಿರದ ಕುಟುಂಬ ಕೊಡಿಸಲು ನೋಡುತ್ತಾರೆ. ಕಿನಿಗಿಯಿಂದ ನಡಿಗೆ ಶುರುವಾಗುವ ಜಾಗಕ್ಕೆ ನಿಮ್ಮದೇ ಗಾಡಿ ಬೇಕು. ಉದ್ಯಾನದವರು ಕರೆದುಕೊಂಡು ಹೋಗುವುದಿಲ್ಲ. ದಾರಿ ಕಲ್ಲುಗುಂಡಿ, ಆದ್ದರಿಂದ ಫೋರ್‌ವೀಲ್ ಡ್ರೈವ್ ಗಾಡಿಯೇ ಆಗಬೇಕು.

ಈಗ ಲಾಡ್ಜ್

ಇಲ್ಲಿ ಮೂರು ದರ್ಜೆ ಅಂದುಕೊಳ್ಳಿ. ರಾತ್ರಿಗೆ ಐವತ್ತು ನೂರು ಡಾಲರ್‌ನ ಸರಳ ಕೋಣೆ, ನೂರೈವತ್ತರಿಂದ ಮುನ್ನೂರರ ಮಧ್ಯಮ ದರ್ಜೆ, ಅದರಾಚೆ ಒಬ್ಬರಿಗೆ ರಾತ್ರಿಗೆ ಸಾವಿರ ಡಾಲರ್ ದಾಟುವ ಐಷಾರಾಮಿ. ರುವಾಂಡಾದ ಬಿಸಾಟೆ, ಸಿಂಗಿಟಾ ಕ್ವಿಟೊಂಡಾ ಕೊನೆಯ ದರ್ಜೆಯವು. ದುಡ್ಡು ಇದ್ದವರು ಹೋಗಲಿ, ಚೆನ್ನಾಗಿವೆ. ಆದರೆ ಬೆಳಗ್ಗೆ ಕಾಡಿಗೆ ಹೊರಟ ಮೇಲೆ ಎಲ್ಲರೂ ಒಂದೇ. ಐವತ್ತು ಡಾಲರ್ ಕೋಣೆಯವರೂ ಸಾವಿರ ಡಾಲರ್ ಕೋಣೆಯವರೂ ಅದೇ ಗುಂಪಿನಲ್ಲಿ ಅದೇ ಕೆಸರಿನಲ್ಲಿ ನಡೆಯುತ್ತಾರೆ. ಬಜೆಟ್ ಬಿಗಿ ಇದ್ದರೆ ಲಾಡ್ಜ್‌ನಲ್ಲಿ ಉಳಿಸಿ, ಪೋರ್ಟರ್ ಮತ್ತು ಒಳ್ಳೆಯ ಗಾಡಿಗೆ ಖರ್ಚು ಮಾಡಿ.

ಲಾಡ್ಜ್‌ಗೆ ಬರೆಯುವಾಗ ಮೊದಲು ಕೇಳಬೇಕಾದದ್ದು: "ನನ್ನ ಪರ್ಮಿಟ್ ಇಂಥ ಭಾಗಕ್ಕಿದೆ, ಬೆಳಗ್ಗೆ ಸೇರುವ ಜಾಗಕ್ಕೆ ನಿಮ್ಮಲ್ಲಿಂದ ಕಾರಿನಲ್ಲಿ ಎಷ್ಟು ನಿಮಿಷ?" ಕಿಲೋಮೀಟರ್ ಕೇಳಬೇಡಿ, ಈ ಬೆಟ್ಟಗಳಲ್ಲಿ ಕಿಲೋಮೀಟರ್‌ಗೆ ಅರ್ಥವಿಲ್ಲ. ಅರ್ಧ ಗಂಟೆಯೊಳಗೆ ಇದ್ದರೆ ಒಳ್ಳೆಯದು. ಒಂದು ಗಂಟೆ ಮೀರಿದರೆ ಬೇರೆ ನೋಡಿ. ಮುಟಾಂಡಾ ಕೆರೆಯ ದಡದ ಲಾಡ್ಜ್‌ಗಳು ಫೋಟೋದಲ್ಲಿ ಮನಸ್ಸು ಕದಿಯುತ್ತವೆ. ಆದರೆ ಅಲ್ಲಿಂದ ರುಶಾಗಾಕ್ಕೆ ಬೆಳಗಿನ ಜಾವದ ಪಯಣ ಸಣ್ಣದಲ್ಲ. ಗೊರಿಲ್ಲಾ ನೋಡಿದ ಮೇಲೆ ಒಂದು ದಿನ ಸುಮ್ನೆ ಕೂತು ಸುಧಾರಿಸಿಕೊಳ್ಳಲು ಅವು ಸರಿಯಾದ ಜಾಗ. ರುವಾಂಡಾದ ವಿರುಂಗಾ ಲಾಡ್ಜ್ ಕೂಡ ಹಾಗೇ. ಎರಡು ಕೆರೆಗಳ ಮೇಲಿನ ದಿಣ್ಣೆಯಲ್ಲಿದೆ, ಕಿನಿಗಿಗೆ ತುಸು ದೂರ.

ಆಮೇಲೆ ಮೆಟ್ಟಿಲು. ಇದನ್ನು ಯಾರೂ ಕೇಳುವುದಿಲ್ಲ. ಬೆಟ್ಟದ ಇಳಿಜಾರಿನಲ್ಲಿ ಕಟ್ಟಿದ ಲಾಡ್ಜ್‌ಗಳಲ್ಲಿ ಊಟದ ಹಾಲ್ ಮೇಲೆ, ಕೋಣೆಗಳು ಕೆಳಗೆ ಕೆಳಗೆ ಇರುತ್ತವೆ. ಆರು ಗಂಟೆ ಕಾಡು ಸುತ್ತಿ ಬಂದವರಿಗೆ ರಾತ್ರಿ ಊಟಕ್ಕೆ ನೂರು ಮೆಟ್ಟಿಲು ಹತ್ತು ಅಂದರೆ ಹೇಗಿರುತ್ತದೆ? ವಯಸ್ಸಾದವರಿದ್ದರೆ ಊಟದ ಹಾಲ್‌ಗೆ ಹತ್ತಿರದ ಕೋಣೆ ಬೇಕು ಅಂತ ಮೊದಲೇ ಬರೆಸಿ.

ಬಿಸಿನೀರು ಸೋಲಾರ್‌ದಾ, ಸೌದೆ ಒಲೆಯದಾ ಅಂತ ಕೇಳಿ. ಮಂಜು ಕವಿದ ದಿನ ಸೋಲಾರ್ ಕೈ ಕೊಡುತ್ತದೆ, ಸೌದೆಯದು ಕೊಡುವುದಿಲ್ಲ. ಕರೆಂಟು ರಾತ್ರಿಯಿಡೀ ಇರುತ್ತದಾ, ಕ್ಯಾಮೆರಾ ಚಾರ್ಜ್ ಮಾಡಲು ಕೋಣೆಯಲ್ಲೇ ಪಾಯಿಂಟ್ ಇದೆಯಾ, ಅದೂ ಕೇಳಿ. ರಾತ್ರಿ ಚಳಿ ಹತ್ತು ಡಿಗ್ರಿಗೂ ಇಳಿಯುತ್ತದೆ. ಸಾಧಾರಣ ಲಾಡ್ಜ್‌ಗಳಲ್ಲೂ ಮಲಗುವ ಮೊದಲು ಹಾಸಿಗೆಯೊಳಗೆ ಬಿಸಿನೀರಿನ ರಬ್ಬರ್ ಚೀಲ ಇಟ್ಟು ಹೋಗುವ ಪದ್ಧತಿ ಇದೆ.

ಊಟದ ವಿಷಯಕ್ಕೆ ಬಂದರೆ, ಹೆಚ್ಚಿನ ಲಾಡ್ಜ್‌ಗಳ ದರದಲ್ಲಿ ಮೂರು ಹೊತ್ತಿನ ಊಟ ಸೇರಿರುತ್ತದೆ. ಕಾಡಿಗೆ ಒಯ್ಯುವ ಬುತ್ತಿಯೂ ಸೇರಿದೆಯಾ ನೋಡಿ. ಸಸ್ಯಾಹಾರಿಗಳು ಅಂತ ಮಾತ್ರ ಬರೆದರೆ ಸಾಲದು. ಮೊಟ್ಟೆ ತಿನ್ನುತ್ತೀರಾ, ಮೀನು ಬೇಡವಾ, ಮಾಂಸದ ಸಾರು ಬೆರೆಸಬಾರದಾ ಎಂದು ಬಿಡಿಸಿ ಬರೆಯಿರಿ. ಇಲ್ಲದಿದ್ದರೆ ಬುತ್ತಿಯಲ್ಲಿ ಬೇಯಿಸಿದ ಮೊಟ್ಟೆ ಬಂದೇ ಬರುತ್ತದೆ. ಉಗಾಂಡಾದಲ್ಲಿ ನಮಗೆ ಉಪವಾಸ ಬೀಳುವ ಭಯ ಇಲ್ಲ. ಚಪಾತಿ ಅಲ್ಲಿ ಬೀದಿಬೀದಿಯಲ್ಲಿ ಸಿಗುತ್ತದೆ, ನೂರು ವರ್ಷದ ಹಿಂದೆ ಹೋದ ಭಾರತೀಯರು ಬಿಟ್ಟ ರುಚಿ ಅದು. ಬೇಯಿಸಿ ಹಿಸುಕಿದ ಮಟೋಕೆ ಬಾಳೆಕಾಯಿ, ಹುರುಳಿಕಾಯಿ ಬೀಜದ ಸಾರು, ಕಡಲೆಕಾಯಿ ಗೊಜ್ಜು, ಮುಸುಕಿನ ಜೋಳದ ಹಿಟ್ಟಿನ ಪೋಶೋ ಎಂಬ ಮುದ್ದೆ ಎಲ್ಲ ನಮ್ಮ ನಾಲಿಗೆಗೆ ಒಗ್ಗುವಂಥವೇ. ಒಂದು ಬಾಟಲಿ ಉಪ್ಪಿನಕಾಯಿ ಜೊತೆಗಿರಲಿ.

ಇನ್ನೊಂದು ಪ್ರಶ್ನೆ ನನಗೆ ಬಹಳ ಮುಖ್ಯ. ಈ ಲಾಡ್ಜ್‌ನಿಂದ ಅಲ್ಲಿನ ಊರಿಗೆ ಏನು ಸಿಗುತ್ತದೆ? 1991ರಲ್ಲಿ ಬ್ವಿಂಡಿ ರಾಷ್ಟ್ರೀಯ ಉದ್ಯಾನವಾದಾಗ ತಲತಲಾಂತರದಿಂದ ಕಾಡಿನಲ್ಲೇ ಬದುಕಿದ್ದ ಬಟ್ವಾ ಜನರನ್ನು ಪರಿಹಾರ ಇಲ್ಲದೆ ಹೊರಗೆ ಹಾಕಲಾಯಿತು. ಸುತ್ತಲಿನ ರೈತರ ಬಾಳೆತೋಟಕ್ಕೆ ಗೊರಿಲ್ಲಾ ನುಗ್ಗಿದರೆ ನಷ್ಟ ಅವರದ್ದೇ. 2020ರಲ್ಲಿ, ಕೊರೊನಾದಿಂದ ಪ್ರವಾಸಿಗಳು ಬರುವುದು ನಿಂತಿದ್ದಾಗ, ನ್ಕುರಿಂಗೊ ಕುಟುಂಬದ ಯಜಮಾನ, ರಫಿಕಿ ಎಂಬ ಸಿಲ್ವರ್‌ಬ್ಯಾಕ್ (ಬೆನ್ನಿನ ಕೂದಲು ಬೆಳ್ಳಿಬಣ್ಣಕ್ಕೆ ತಿರುಗಿದ ದೊಡ್ಡ ಗಂಡು), ಸಣ್ಣ ಪ್ರಾಣಿಗಳ ಬೇಟೆಗೆ ಹೋಗಿದ್ದವನ ಈಟಿಗೆ ಬಲಿಯಾಯಿತು. ಅವನಿಗೆ 11 ವರ್ಷ ಜೈಲಾಯಿತು. ಊರಿನ ಹೊಟ್ಟೆ ತುಂಬಿದ್ದರೆ ಮಾತ್ರ ಕಾಡು ಉಳಿಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ನೇರ ಉದಾಹರಣೆ ಬೇಡ. ಬುಹೋಮಾ ಕಮ್ಯುನಿಟಿ ರೆಸ್ಟ್ ಕ್ಯಾಂಪ್ ಊರಿನವರೇ ನಡೆಸುವುದು, ಉದ್ಯಾನದ ಗೇಟಿನ ಪಕ್ಕದಲ್ಲೇ ಇದೆ, ದರವೂ ಕೈಗೆಟಕುವಂಥದ್ದು. ರುವಾಂಡಾದಲ್ಲಿ ಸಬಿನ್ಯೊ ಸಿಲ್ವರ್‌ಬ್ಯಾಕ್ ಲಾಡ್ಜ್ ಐಷಾರಾಮಿ ದರ್ಜೆಯದಾದರೂ ಅದರ ಒಡೆತನ ಸ್ಥಳೀಯ ಸಮುದಾಯದ ಟ್ರಸ್ಟ್‌ನದು. ನ್ಕುರಿಂಗೊದ ಕ್ಲೌಡ್ಸ್ ಲಾಡ್ಜ್‌ನಲ್ಲೂ ಊರಿನವರ ಪಾಲಿದೆ. ಎರಡು ಲಾಡ್ಜ್‌ಗಳ ನಡುವೆ ಮನಸ್ಸು ತೂಗಿದರೆ ಇದನ್ನೇ ತಕ್ಕಡಿಗೆ ಹಾಕಿ.

ಬುಹೋಮಾದ ಕೆಲವು ಲಾಡ್ಜ್‌ಗಳ ಅಂಗಳಕ್ಕೆ ಗೊರಿಲ್ಲಾಗಳು ಒಮ್ಮೊಮ್ಮೆ ಬಂದು ಹೋಗುವುದು ನಿಜ. ಅದನ್ನೇ ನಂಬಿ ಬುಕ್ ಮಾಡಬೇಡಿ. ಬಂದರೂ ಹತ್ತಿರ ಹೋಗುವಂತಿಲ್ಲ.

ಕನಿಷ್ಠ ಎರಡು ರಾತ್ರಿ ಒಂದೇ ಕಡೆ ಇರಿ. ನೋಡಿದ ದಿನವೇ ಹೊರಡುವ ಯೋಜನೆ ಬೇಡ. ಗೊರಿಲ್ಲಾ ಹುಡುಕಲು ಒಂದು ಗಂಟೆಯೂ ಆಗಬಹುದು, ಏಳು ಗಂಟೆಯೂ ಆಗಬಹುದು.

ವಿಮಾನ, ವೀಸಾ, ಲಸಿಕೆ

ಬೆಂಗಳೂರಿನಿಂದ ಇಥಿಯೋಪಿಯನ್ ಏರ್‌ಲೈನ್ಸ್‌ನಲ್ಲಿ ಅಡಿಸ್ ಅಬಾಬಾ ಮೂಲಕ ಹೋಗಬಹುದು. ದುಬೈ, ದೋಹಾ ಮೂಲಕವೂ ದಾರಿ ಇದೆ. ಮುಂಬೈಯಿಂದ ಎಂಟೆಬೆಗೆ ಉಗಾಂಡಾ ಏರ್‌ಲೈನ್ಸ್ 2023ರಲ್ಲಿ ನೇರ ವಿಮಾನ ಶುರು ಮಾಡಿತು.

ಉಗಾಂಡಾದ ವೀಸಾ ಆನ್‌ಲೈನ್‌ನಲ್ಲಿ, 50 ಡಾಲರ್. ರುವಾಂಡಾ ನಮಗೆ ಬಂದಿಳಿದ ಮೇಲೆ ವೀಸಾ ಕೊಡುತ್ತದೆ. ಎರಡೂ ದೇಶ ಸುತ್ತಿ ಕೀನ್ಯಾಕ್ಕೂ ಹೋಗುವವರು ಮೂರಕ್ಕೂ ಸೇರಿದ ಈಸ್ಟ್ ಆಫ್ರಿಕಾ ಟೂರಿಸ್ಟ್ ವೀಸಾ ನೋಡಿ. 100 ಡಾಲರ್, 90 ದಿನ. ಯಾವ ದೇಶ ಕೊಟ್ಟಿತೋ ಆ ದೇಶದಲ್ಲೇ ಮೊದಲು ಇಳಿಯಬೇಕು.

ಹಳದಿ ಜ್ವರದ ಲಸಿಕೆ ಬಿಡುವ ಹಾಗೇ ಇಲ್ಲ. ಹೊರಡುವ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿರಬೇಕು. ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಅಲ್ಲಿ ಮುಂಚೆಯೇ ಹೆಸರು ಕೊಡಬೇಕಾಗುತ್ತದೆ. ಆದ್ದರಿಂದ ತಿಂಗಳೆರಡು ತಿಂಗಳ ಮೊದಲೇ ಮುಗಿಸಿಕೊಳ್ಳಿ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು. 60 ದಾಟಿದವರು, ಬೇರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಮೊದಲು ನಿಮ್ಮ ವೈದ್ಯರನ್ನು ಕೇಳಿ. ಮಲೇರಿಯಾ ಮಾತ್ರೆಯ ವಿಷಯವನ್ನೂ ಅದೇ ಸಲ ಮಾತಾಡಿ. ಎಬೊಲಾ, ಮಾರ್ಬರ್ಗ್ ಎಂಬ ಅಂಟುಜ್ವರಗಳ ಸುದ್ದಿ ಅಲ್ಲಿ ಆಗಾಗ ಬರುತ್ತದೆ, ಹೊರಡುವ ವಾರ ಒಮ್ಮೆ ನೋಡಿಕೊಳ್ಳಿ. ಇನ್ಶೂರೆನ್ಸ್ ತೆಗೆಯುವಾಗ ಬೆಟ್ಟದಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯಾ ಅಂತ ಓದಿ.

ಡಾಲರ್ ನೋಟುಗಳು ಹೊಸವಾಗಿರಲಿ. ಹಳೆಯ ವರ್ಷದ, ಹರಿದ, ಗೀಚಿದ ನೋಟನ್ನು ಯಾರೂ ಮುಟ್ಟುವುದಿಲ್ಲ. ಒಂದು, ಐದು, ಹತ್ತರ ಚಿಲ್ಲರೆ ಕೈಯಲ್ಲಿರಲಿ.

ಬ್ಯಾಗು, ಬಟ್ಟೆ, ಕಾಲು

ಪ್ಲಾಸ್ಟಿಕ್ ಕವರಿನಲ್ಲಿ ಬಟ್ಟೆ ಸುತ್ತಿ ಸೂಟ್‌ಕೇಸ್‌ಗೆ ತುಂಬುವ ಅಭ್ಯಾಸ ನಮ್ಮದು. ರುವಾಂಡಾದಲ್ಲಿ 2008ರಿಂದ ಪ್ಲಾಸ್ಟಿಕ್ ಚೀಲ ನಿಷೇಧ, ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ. ಬಟ್ಟೆಯ ಚೀಲ ಬಳಸಿ.

ಕಾಡಿನಲ್ಲಿ ದಾರಿ ಇರುವುದಿಲ್ಲ. ಮುಂದಿನವರು ಮಚ್ಚಿನಿಂದ ಕಡಿದು ಮಾಡಿದ್ದೇ ದಾರಿ. ಕಾಲಿಡುವ ಕಡೆ ಎಷ್ಟೋ ಸಲ ನೆಲವೇ ಇರುವುದಿಲ್ಲ, ಬಳ್ಳಿಗಳ ಹೆಣಿಗೆಯ ಮೇಲೆ ನಿಂತಿರುತ್ತೀರಿ. ತಾಗಿದರೆ ಉರಿಯುವ ತುರುಚೆ ಗಿಡ ಎಲ್ಲೆಲ್ಲೂ, ಅದರಲ್ಲೂ ರುವಾಂಡಾ ಕಡೆ ಜಾಸ್ತಿ. ಗೊರಿಲ್ಲಾಗಳು ಅದನ್ನು ಆರಾಮಾಗಿ ತಿನ್ನುತ್ತವೆ, ನಮಗೆ ತೆಳು ಪ್ಯಾಂಟಿನ ಮೂಲಕವೂ ಚುಚ್ಚುತ್ತದೆ. ದಪ್ಪ ಪ್ಯಾಂಟು, ತುಂಬು ತೋಳಿನ ಅಂಗಿ, ತೋಟದ ಕೆಲಸದ ಕೈಗವಸು ಬೇಕೇ ಬೇಕು. ಪ್ಯಾಂಟಿನ ತುದಿಯನ್ನು ಕಾಲುಚೀಲದ ಒಳಗೆ ಸೇರಿಸಿ. ಸಾಲುಗಟ್ಟಿ ಹೋಗುವ ಸಫಾರಿ ಇರುವೆಗಳು ಒಳಗೆ ನುಗ್ಗುವುದು ಅಲ್ಲಿಂದಲೇ. ಬೂಟು ಹೊಸದಾಗಿರಬಾರದು, ಮನೆಯಲ್ಲಿ ಹಾಕಿ ಪಳಗಿಸಿದ್ದಾಗಿರಬೇಕು. ಮಳೆಕೋಟು, ಎರಡು ಲೀಟರ್ ನೀರು, ಬುತ್ತಿ, ಮಾಸ್ಕ್ ಎರಡು. ಕಡು ಕಪ್ಪು, ಕಡು ನೀಲಿ ಬಟ್ಟೆ ಬೇಡ, ಕೀಟಗಳು ಮುತ್ತುತ್ತವೆ.

ಮೈ ಎಷ್ಟು ಗಟ್ಟಿ ಇರಬೇಕು? ಕುಕ್ಕೆಯಿಂದ ಕುಮಾರ ಪರ್ವತದ ದಾರಿಯಲ್ಲಿ ಭಟ್ಟರ ಮನೆವರೆಗೆ ಹತ್ತಿ, ಅದೇ ದಿನ ಇಳಿದು, ಮರುದಿನ ಓಡಾಡಬಲ್ಲಿರಿ ಅಂದರೆ ಸಾಕು. ಆಗದವರು ಎರಡು ತಿಂಗಳು ದಿನಾ ಮೆಟ್ಟಿಲು ಹತ್ತಿ ಇಳಿಯಿರಿ. ಇಳಿಯುವುದನ್ನು ಮರೆಯಬೇಡಿ, ಮೊಣಕಾಲು ಸೋಲುವುದು ಇಳಿಜಾರಿನಲ್ಲಿ. ರುವಾಂಡಾದಲ್ಲಿ ನಡಿಗೆ 2,500 ಮೀಟರ್ ಎತ್ತರದ ಮೇಲೇ ಇರುತ್ತದೆ, ಏದುಸಿರು ಬರುವುದು ಸಹಜ, ನಿಧಾನಕ್ಕೆ ಹೆಜ್ಜೆ ಹಾಕಿ.

ಪೋರ್ಟರ್ ತೆಗೆದುಕೊಳ್ಳಿ. ನಾನು ಫಿಟ್ ಇದ್ದೇನೆ, ಬೇಡ ಅನ್ನಬೇಡಿ. 15ರಿಂದ 20 ಡಾಲರ್. ಅವರು ಬ್ಯಾಗ್ ಹೊರುವುದಷ್ಟೇ ಅಲ್ಲ, ಜಾರುವ ಕಡೆ ಕೈ ಕೊಟ್ಟು ಎಳೆದುಕೊಳ್ಳುತ್ತಾರೆ. ಅವರಲ್ಲಿ ಕೆಲವರು ಹಿಂದೆ ಇದೇ ಕಾಡಿನಲ್ಲಿ ಬೇಟೆ ಆಡುತ್ತಿದ್ದವರು, ಈಗ ಆ ಕಾಡಿನಿಂದಲೇ ಸಂಬಳ. ನಡೆಯಲು ಆಗದವರನ್ನು ಹೊತ್ತೊಯ್ಯುವ ಕುರ್ಚಿಯ ವ್ಯವಸ್ಥೆಯೂ ಬ್ವಿಂಡಿಯಲ್ಲಿದೆ. ಹತ್ತಾರು ಜನ ಸರದಿಯಲ್ಲಿ ಹೊರುತ್ತಾರೆ. ಕೆಲವು ನೂರು ಡಾಲರ್ ಆಗುತ್ತದೆ. ಮೊದಲೇ ಹೇಳಿಟ್ಟರೆ ವಯಸ್ಸಾದ ಅಮ್ಮನೂ ನೋಡಿ ಬರಬಹುದು.

ಆ ದಿನ

ಪಾಸ್‌ಪೋರ್ಟ್ ಜೊತೆಗೇ ಇರಲಿ, ಪರ್ಮಿಟ್‌ಗೆ ಹೋಲಿಸಿ ನೋಡುತ್ತಾರೆ. ನಿಯಮಗಳನ್ನು ಹೇಳಿದ ಮೇಲೆ ಗುಂಪು ಹೊರಡುತ್ತದೆ. ನೀವು ತಿಂಡಿ ತಿನ್ನುವ ಹೊತ್ತಿಗೇ ಟ್ರ್ಯಾಕರ್‌ಗಳು ಕಾಡು ಸೇರಿರುತ್ತಾರೆ. ಹಿಂದಿನ ದಿನ ಗೊರಿಲ್ಲಾಗಳು ರಾತ್ರಿ ಮಲಗಲು ಸೊಪ್ಪಿನ ಗೂಡು ಮಾಡಿಕೊಂಡ ಜಾಗಕ್ಕೆ ಹೋಗಿ, ಅಲ್ಲಿಂದ ತುಳಿದ ಗಿಡ, ಲದ್ದಿ ನೋಡುತ್ತಾ ಹಿಂಬಾಲಿಸುತ್ತಾರೆ. ಎಲ್ಲಿವೆ ಅಂತ ವೈರ್‌ಲೆಸ್‌ನಲ್ಲಿ ನಿಮ್ಮ ಗೈಡ್‌ಗೆ ತಿಳಿಸುತ್ತಾರೆ. ಕಾಡಾನೆ ಎದುರಾದರೆ ಬೆದರಿಸಲು ಬಂದೂಕಿನ ರೇಂಜರ್‌ಗಳು ಜೊತೆಗಿರುತ್ತಾರೆ.

ಹತ್ತಿರ ಬಂದಾಗ ಬ್ಯಾಗು, ಕೋಲು, ಊಟ ಎಲ್ಲ ಪೋರ್ಟರ್ ಹತ್ತಿರ ಬಿಟ್ಟು ಕ್ಯಾಮೆರಾ ಮಾತ್ರ ಒಯ್ಯಬೇಕು. ಮಾಸ್ಕ್ ಹಾಕಬೇಕು. ಗೈಡ್ ಗಂಟಲಿನಿಂದ ದಪ್ಪಗೆ ಎರಡು ಸಲ ಕೆಮ್ಮಿದಂಥ ಸದ್ದು ಮಾಡುತ್ತಾರೆ. ಗೊರಿಲ್ಲಾಗಳು ಸಮಾಧಾನದಲ್ಲಿದ್ದಾಗ ಮಾಡುವ ಸದ್ದೇ ಅದು. ಗಿಡಗಳ ಹಿಂದಿನಿಂದ ಅದೇ ಸದ್ದಿನ ಉತ್ತರ ಬರುತ್ತದೆ. ಅಲ್ಲಿಂದ ಒಂದು ಗಂಟೆಯ ಲೆಕ್ಕ ಶುರು.

ಹತ್ತು ಮೀಟರ್ ದೂರ ಕಾಯ್ದುಕೊಳ್ಳಬೇಕು. ಮರಿಗಳಿಗೆ ಈ ನಿಯಮ ಗೊತ್ತಿಲ್ಲ, ಅವು ಹತ್ತಿರ ಬಂದರೆ ನೀವು ಹಿಂದೆ ಸರಿಯಿರಿ. ಮುಟ್ಟಬೇಡಿ. ಸಿಲ್ವರ್‌ಬ್ಯಾಕ್ ಎದೆ ಬಡಿದು ನುಗ್ಗಿ ಬಂದರೆ ಓಡಬಾರದು, ಕೂತು ತಲೆ ತಗ್ಗಿಸಬೇಕು. ಗೈಡ್ ಹೇಳಿದಷ್ಟೇ ಮಾಡಿ. ಫ್ಲ್ಯಾಶ್ ನಿಷಿದ್ಧ. ಕಾಡಿನೊಳಗೆ ಬೆಳಕು ಕಡಿಮೆ, ಎದುರಿಗಿರುವುದು ಕಪ್ಪು ಪ್ರಾಣಿ. ಉದ್ದದ ಲೆನ್ಸ್‌ಗಿಂತ ಬೆಳಕು ಜಾಸ್ತಿ ಹಿಡಿಯುವ 70-200ರಂಥ ಲೆನ್ಸ್ ಒಳ್ಳೆಯದು. ಫೋನ್ ಕೂಡ ಸಾಕಾಗುತ್ತದೆ.

ನೆಗಡಿ, ಕೆಮ್ಮು, ಜ್ವರ ಇದ್ದರೆ ದಯವಿಟ್ಟು ಹೋಗಬೇಡಿ. ಎಪ್ಪತ್ತು ಸಾವಿರ, ಲಕ್ಷ ಕೊಟ್ಟವರಿಗೆ ಈ ಮಾತು ಕಷ್ಟ ಅಂತ ಗೊತ್ತು. ಆದರೂ ಹೇಳಲೇಬೇಕು. ನಮ್ಮ ಕಾಯಿಲೆ ಅವುಗಳಿಗೆ ಸುಲಭವಾಗಿ ಅಂಟುತ್ತದೆ, ತಡೆಯುವ ಶಕ್ತಿ ಅವುಗಳಿಗಿಲ್ಲ. 2009ರಲ್ಲಿ ರುವಾಂಡಾದ ಹಿರ್ವಾ ಕುಟುಂಬಕ್ಕೆ ಮನುಷ್ಯರಿಂದ ಬರುವ ಒಂದು ಉಸಿರಾಟದ ವೈರಸ್ ತಗುಲಿ ಒಂದು ಹೆಣ್ಣು, ಒಂದು ಮರಿ ಸತ್ತವು. ಅದಕ್ಕೂ ಮೊದಲು 1996ರಲ್ಲಿ ಬ್ವಿಂಡಿಯ ಗೊರಿಲ್ಲಾಗಳಿಗೆ ಕಜ್ಜಿ ಹತ್ತಿತು. ಕೂದಲು ಉದುರಿ, ಒಂದು ಮರಿ ಸತ್ತಿತು. ಉಗಾಂಡಾದ ಪಶುವೈದ್ಯೆ ಗ್ಲಾಡಿಸ್ ಕಲೇಮಾ-ಝಿಕುಸೋಕಾ ಮತ್ತು ಜೊತೆಗಾರರು ಇದರ ಜಾಡು ಹಿಡಿದು ಹೋದಾಗ ಬೆರಳು ತೋರಿದ್ದು ಹೊಲದ ಬೆರ್ಚಪ್ಪನ ಕಡೆಗೆ. ಬಾಳೆ ತಿನ್ನಲು ಬಂದ ಗೊರಿಲ್ಲಾಗಳು ಬೆರ್ಚಪ್ಪನಿಗೆ ತೊಡಿಸಿದ್ದ ಹಳೆಯ ಬಟ್ಟೆ ಮುಟ್ಟಿ ರೋಗ ಹತ್ತಿಸಿಕೊಂಡಿರಬೇಕು ಅನ್ನುವುದು ಅವರ ಅನುಮಾನ. ಜನರ ಆರೋಗ್ಯ ಸರಿ ಇಲ್ಲದೆ ಗೊರಿಲ್ಲಾ ಉಳಿಯುವುದಿಲ್ಲ ಎಂದು ಆಕೆ ಆಮೇಲೆ ಎರಡಕ್ಕೂ ಒಟ್ಟಿಗೆ ಕೆಲಸ ಮಾಡುವ ಸಂಸ್ಥೆಯನ್ನೇ ಕಟ್ಟಿದರು. ಆರೋಗ್ಯ ಕೆಟ್ಟಾಗ ಪರ್ಮಿಟ್ ದುಡ್ಡಿನಲ್ಲಿ ಎಷ್ಟು ವಾಪಸ್ ಬರುತ್ತದೆ ಅಂತ ಬುಕ್ ಮಾಡುವ ದಿನವೇ ಕೇಳಿ ಬರೆಸಿಕೊಳ್ಳಿ. ಹೊರಡುವ ಹಿಂದಿನ ವಾರ ಮದುವೆ, ಜಾತ್ರೆ, ಗದ್ದಲದ ಜಾಗಗಳಿಂದ ದೂರ ಇರಿ.

ಕಾಡಿನಿಂದ ಬಂದ ಮೇಲೆ

ಲಾಡ್ಜ್ ಬಾಗಿಲಲ್ಲೇ ಕೆಸರಿನ ಬೂಟು ಬಿಚ್ಚಿಸಿಕೊಂಡು, ತೊಳೆದು, ಒಣಗಿಸಿ ಸಂಜೆಗೆ ಕೊಡುತ್ತಾರೆ. ಅವರಿಗೂ, ಗೈಡ್‌ಗೂ, ಟ್ರ್ಯಾಕರ್‌ಗಳಿಗೂ ಕೈಲಾದಷ್ಟು ಟಿಪ್ಸ್ ಕೊಡಿ. ಚಿಲ್ಲರೆ ಡಾಲರ್ ಇಟ್ಟುಕೊಳ್ಳಿ ಅಂದಿದ್ದು ಇದಕ್ಕೇ.

ಮರುದಿನ ಬಿಡುವಿದ್ದರೆ ಬಟ್ವಾ ಜನರು ತಾವೇ ನಡೆಸುವ ಕಾಡಿನ ನಡಿಗೆಗೆ ಹೋಗಿ. ಯಾವ ಎಲೆ ಯಾವ ಕಾಯಿಲೆಗೆ, ಜೇನು ಹೇಗೆ ತೆಗೆಯುತ್ತಿದ್ದರು ಎಂದು ತೋರಿಸುತ್ತಾರೆ. ದುಡ್ಡು ಅವರ ಕೈಗೇ ಹೋಗುತ್ತದಾ ಎಂದು ಕೇಳಿಯೇ ಹೋಗಿ. ತರಲು ಏನು ಕೊಳ್ಳಲಿ ಅಂದರೆ, ಗೊರಿಲ್ಲಾ ಕನ್ಸರ್ವೇಶನ್ ಕಾಫಿ ಎಂಬ ಹೆಸರಿನಲ್ಲಿ ಬ್ವಿಂಡಿ ಅಂಚಿನ ರೈತರ ಅರೇಬಿಕಾ ಸಿಗುತ್ತದೆ. ಚಿಕ್ಕಮಗಳೂರು, ಕೊಡಗಿನ ಮನೆಗಳಿಗೆ ಒಯ್ದರೆ ಕುಡಿದು ನೋಡುವ ಕುತೂಹಲ ಇದ್ದೇ ಇರುತ್ತದೆ. ಪುಡಿ ಮಾಡಿ, ಮುಚ್ಚಿ ಮೊಹರಾದ ಪೊಟ್ಟಣವನ್ನೇ ತನ್ನಿ.

ಹಳದಿ ಜ್ವರದ ಕಾರ್ಡನ್ನು ಸೂಟ್‌ಕೇಸ್‌ಗೆ ಹಾಕಬೇಡಿ. ಪಾಸ್‌ಪೋರ್ಟ್ ಜೊತೆ ಕೈಚೀಲದಲ್ಲೇ ಇರಲಿ. ಉಗಾಂಡಾ, ರುವಾಂಡಾ ಕಡೆಯಿಂದ ಬಂದವರಿಗೆ ಭಾರತದ ವಿಮಾನ ನಿಲ್ದಾಣದಲ್ಲಿ ಆರೋಗ್ಯ ಅಧಿಕಾರಿಗಳು ಇಮಿಗ್ರೇಷನ್‌ಗೂ ಮೊದಲು ಅದನ್ನು ಕೇಳುತ್ತಾರೆ. ತೋರಿಸಲು ಆಗದಿದ್ದರೆ ಆರು ದಿನದವರೆಗೆ ಪ್ರತ್ಯೇಕ ಇರಿಸುವ ಅಧಿಕಾರ ಅವರಿಗಿದೆ. ಫೋನಿನಲ್ಲಿ ಒಂದು ಫೋಟೋ ಇಟ್ಟುಕೊಳ್ಳಿ, ಆದರೆ ತೋರಿಸಬೇಕಾದದ್ದು ಸಹಿ, ಸೀಲು ಇರುವ ಆ ಹಳದಿ ಕಾರ್ಡನ್ನೇ.